ಹದಿನಾಲ್ಕು ಪಾಸ್‌ವರ್ಡುಗಳ ಹೆಡ್ ಕ್ಲರ್ಕು

ಅವರ ಬಲಗೈ ತೋರುಬೆರಳಿನ ಉಗುರು ಸವೆದು ಚಪ್ಪಟೆಯಾಗಿತ್ತು. ಮೊದಲು ಟೈಪ್‌ರೈಟರನ್ನು, ಆಮೇಲೆ ಕಂಪ್ಯೂಟರನ್ನು ಆ ಒಂದೇ ಬೆರಳಿನಿಂದ ಕುಟ್ಟಿದವರು. ಮಂಡಿ ಮೊಹಲ್ಲಾದ ಒಂದು ಊದುಬತ್ತಿ ಕಂಪನಿಯ ಹೆಡ್ ಕ್ಲರ್ಕ್. ನಾನು ಸಾಫ್ಟ್‌ವೇರ್ ಅಳವಡಿಸಿಕೊಡುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಆ ಕಂಪನಿಗೆ ಒಂದೇ ಲಾಗಿನ್ ವ್ಯವಸ್ಥೆ ಮಾಡಿಕೊಡಲು ನನ್ನನ್ನು ಕಳಿಸಿದ್ದರು. ಆರ್ಡರು, ಗೋದಾಮು, ಹಾಜರಿ ಎಂದು ಬೇರೆ ಬೇರೆ ಪಾಸ್‌ವರ್ಡ್ ಬೇಡ. ಕಂಪನಿಯ ಮೇಲ್‌ನಿಂದ ಒಮ್ಮೆ ಒಳಹೊಕ್ಕರೆ ಎಲ್ಲವೂ ತೆರೆದುಕೊಳ್ಳಬೇಕು, ಅಷ್ಟೇ.

ಅಲ್ಲಿಯವರೆಗೆ ಹದಿನಾಲ್ಕು ಜನರ ಪಾಸ್‌ವರ್ಡುಗಳೂ ಹೆಡ್ ಕ್ಲರ್ಕರ ತಲೆಯಲ್ಲೇ ಇದ್ದವು. ಒಬ್ಬೊಬ್ಬರಿಗೂ ಅವರವರ ಮನೆದೇವರ ಹೆಸರನ್ನೇ ಇಟ್ಟುಕೊಟ್ಟಿದ್ದರು. ಗೋದಾಮಿನ ಸಾಹೇಬರಿಗೆ ಅವರು ಹೋಗುವ ದರ್ಗಾದ ಹೆಸರು. ಅಷ್ಟಾದರೂ ದಿನಕ್ಕೊಬ್ಬರು ಮರೆತು ಅವರ ಮೇಜಿನ ಮುಂದೆ ನಿಲ್ಲುತ್ತಿದ್ದರು. "ಮನೆದೇವ್ರನ್ನೇ ಮರ್ತುಬುಟ್ರೆ ಅನ್ನ ಹುಟ್ತದೇನ್ರೀ?" ಎಂದು ಬೈದು, ಎದ್ದುಹೋಗಿ ತಾವೇ ಕುಟ್ಟಿಕೊಡುತ್ತಿದ್ದರು. ಇದು ಸುರಕ್ಷಿತವಲ್ಲ, ಯಾರು ಬೇಕಾದರೂ ಊಹಿಸಬಹುದು ಎಂದೆ. "ನಿಜ ಕಣಮ್ಮ, ದೇವ್ರು ಎಲ್ರಿಗೂ ಗೊತ್ತು," ಎಂದರು.

ಹೊಸ ಲಾಗಿನ್ನಿಗೆ ಬೇಕಾದ ಮೇಲ್ ಐಡಿಗಳ ಪಟ್ಟಿಯನ್ನು ಒಂದೊಂದಕ್ಷರ ಓದಿ ನೋಡಿ ಕೊಟ್ಟರು. ಶುರುಮಾಡುವ ಮುಂಚೆ, "ಹಳೇ ಬಾಗ್ಲು ಒಂದು ತೆಗ್ದಿರ್ಲಿ ಕಣಮ್ಮ. ಮೊದ್ಲು ನನ್ನೊಬ್ಬನ್ನ ಕಳ್ಸಿ ನೋಡು," ಎಂದರು. ಮೂರು ದಿನದಿಂದ ಅದೇ ಪರದೆ ನೋಡಿ ನನಗೆ ಸಾಕಾಗಿತ್ತು. "ಏನೂ ಆಗಲ್ಲ ಸಾರ್," ಎಂದು ಎಲ್ಲರಿಗೂ ಒಟ್ಟಿಗೇ ಹೊಸ ಲಾಗಿನ್ ಕಡ್ಡಾಯ ಮಾಡಿ, ಹಳೆಯದನ್ನು ಮುಚ್ಚಿಬಿಟ್ಟೆ. ಸೆಟ್ಟಿಂಗಿನಲ್ಲಿ ಒಂದು ವೆಬ್ ವಿಳಾಸವನ್ನು ತಪ್ಪಾಗಿ ತುಂಬಿದ್ದೆ. ಹದಿನಾಲ್ಕು ಜನವೂ ಹೊರಗೆ ಬಿದ್ದರು, ನಾನೂ ಬಿದ್ದೆ. ಸರಿಪಡಿಸಲು ಒಳಗೆ ಹೋಗಬೇಕಲ್ಲ, ಆ ದಾರಿಯೇ ಉಳಿದಿರಲಿಲ್ಲ. ಬೀದಿಯಲ್ಲಿ ಸರಕು ತುಂಬಿದ ಲಾರಿ, ಕಂಪ್ಯೂಟರಿನಿಂದ ಬರಬೇಕಾದ ಚೀಟಿಗಾಗಿ ಕಾಯುತ್ತಿತ್ತು.

ಮಾಲೀಕರು ಮಹಡಿಯಿಂದ ಇಳಿದು ಬಂದು, "ಯಾರ್ ಮಾಡಿದ್ದು ಇದು?" ಎಂದರು. ಈ ಕೆಲಸ ಹೋದರೆ ನಮ್ಮ ಮನೆಗೆ ಬೇರೆ ಸಂಬಳವಿರಲಿಲ್ಲ. ಹೆಡ್ ಕ್ಲರ್ಕ್ ಎದ್ದು ನಿಂತರು. "ನಾನೇ ಸಾರ್. ಮೇಲ್ ಐಡಿ ಪಟ್ಟಿ ತಪ್ಪು ಕೊಟ್ಬುಟ್ಟೆ."

ಪಟ್ಟಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಸಾಫ್ಟ್‌ವೇರ್ ತಯಾರಿಸಿದವರಿಗೆ ಫೋನು ಮಾಡಿ ಮಾಡಿ, ಸಂಜೆ ಐದಕ್ಕೆ ಎಲ್ಲ ಸರಿಹೋಯಿತು. ಹೆಡ್ ಕ್ಲರ್ಕರನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ನನ್ನ ಬೈದ್ರೆ ನಾಳೆಗೆ ಮರೀತಾರೆ ಕಣಮ್ಮ. ನಿನ್ನ ಬೈದ್ರೆ ನಿಮ್ಮಾಫೀಸಿಗೆ ಫೋನ್ ಹೋಗ್ತದೆ."

ಮಾಲೀಕರು ಮರೆಯಲಿಲ್ಲ. ಮರುದಿನವೇ ಹೆಡ್ ಕ್ಲರ್ಕರಿಗಿದ್ದ, ಎಲ್ಲರ ಲಾಗಿನ್ ನೋಡಿಕೊಳ್ಳುವ ಅಡ್ಮಿನ್ ಅಧಿಕಾರ ತೆಗೆಸಿದರು, ತೆಗೆದವಳು ನಾನೇ. ಆಮೇಲೆ ಕೆಲಸಕ್ಕೆಂದು ಹೋದಾಗಲೆಲ್ಲ ನೋಡುತ್ತಿದ್ದೆ. ಲಾಗಿನ್ ಸಲೀಸಾಗಿತ್ತು, ಅವರ ಮೇಜಿನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ನನಗೊಂದು ಟೀ ತರಿಸಿ, "ಕಾಯಂ ಆಯ್ತೇನಮ್ಮ?" ಎಂದು ಕೇಳುತ್ತಿದ್ದರು. ಆಗಿತ್ತು. ಹೇಳುವುದಕ್ಕೆ ನಾಚಿಕೆಯಾಗುತ್ತಿತ್ತು.

ಹೋದ ತಿಂಗಳು ಮಾಲೀಕರ ಫೋನು ಬಂತು. ಹೆಡ್ ಕ್ಲರ್ಕ್ ತೀರಿಕೊಂಡು ಹನ್ನೊಂದು ದಿನವಾಯಿತಂತೆ, ಅವರ ಲಾಗಿನ್ ತೆಗೆಯಬೇಕಂತೆ. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲು ನಾನೇನು ಅವರ ಮನೆಯವಳೇ? ಇಂಥ ಕೆಲಸ ಈಗ ದಿನಕ್ಕೆ ನಾಲ್ಕು ಬರುತ್ತವೆ, ಕೈ ತಾನಾಗಿ ಹೋಗುತ್ತದೆ. ಹೆಸರು ಹುಡುಕಿ ಒಂದು ಗುಂಡಿ ಒತ್ತಿದೆ. ಎಲ್ಲ ಕಡೆಯಿಂದಲೂ ಅವರು ಒಟ್ಟಿಗೇ ಹೋದರು.

"ಇಷ್ಟು ಬೇಗ ಆಯ್ತಾ? ಆವತ್ತು ಅವ್ರು ಮಾಡಿದ್ ಎಡವಟ್ಟಿಗೆ ಇಡೀ ದಿನ ಹಾಳಾಗಿತ್ತು ನೋಡಮ್ಮ," ಎಂದರು ಮಾಲೀಕರು.

"ಹೂಂ ಸಾರ್," ಎಂದೆ.