ಹುಳುಮನೆಯಲ್ಲಿ ಮಲಗಿಸಿದ ವೈನು

ನಮ್ಮ ಮನೆಯಲ್ಲಿ ವೈನಿನ ಬಾಟಲಿಯನ್ನು ನಿಲ್ಲಿಸುತ್ತಿರಲಿಲ್ಲ, ಮಲಗಿಸುತ್ತಿದ್ದೆವು. ಕಾರ್ಕು ಒಣಗಬಾರದಂತೆ. ಹಾಗಂತ ನನಗೆ ಹೇಳಿಕೊಟ್ಟವನು ಮೈದುನ, ನನ್ನ ಯಜಮಾನರ ಒಬ್ಬನೇ ತಮ್ಮ.

ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಹಿಂದೆ ದ್ರಾಕ್ಷಿ ತೋಟ. ತೋಟದ ಮೂಲೆಯಲ್ಲಿ ಅರ್ಧ ನೆಲದೊಳಕ್ಕೆ ಇಳಿದ ಹಳೇ ಹುಳುಮನೆ. ಮಂಡಿ ಸೋಲುವ ತನಕ ಅತ್ತೆ ಅಲ್ಲಿ ರೇಷ್ಮೆ ಹುಳ ಸಾಕಿದ್ದರು. ದಪ್ಪ ಮಣ್ಣಿನ ಗೋಡೆ, ಏಪ್ರಿಲ್ ತಿಂಗಳಲ್ಲೂ ಒಳಗೆ ಕಾಲಿಟ್ಟರೆ ಪಾದ ತಣ್ಣಗಾಗುತ್ತೆ. ಹುಳ ಸಾಕುವುದು ನಿಂತ ಮೇಲೆ ಆ ಕೋಣೆಯನ್ನು ಮೈದುನ ವೈನಿಗೆ ತೆಗೆದುಕೊಂಡ. ಹುಳದ ತಟ್ಟೆ ಜೋಡಿಸುತ್ತಿದ್ದ ಮರದ ಸ್ಟ್ಯಾಂಡುಗಳಲ್ಲಿ ಬಾಟಲಿಗಳು ಬಂದು ಮಲಗಿದವು. ಕೆಳಗಿನ ಅಂತಸ್ತಿನಲ್ಲಿ ಹಳೆಯವು, ಮೇಲಕ್ಕೆ ಹೋದ ಹಾಗೆ ಹೊಸವು.

ಮಾಮೂಲಿ ತಿನ್ನುವ ದ್ರಾಕ್ಷಿಯನ್ನು ಕಿತ್ತು ವೈನಿಗೆಂದೇ ಇರುವ ಶಿರಾಜ್ ಬಳ್ಳಿ ಹಾಕಿದವನೂ, ಆ ಹಣ್ಣಿನಿಂದ ಮನೆಯಲ್ಲೇ ವೈನು ಮಾಡಿ ಬಾಟಲಿಗೆ ತುಂಬಿದವನೂ ಅವನೇ. ಆದರೆ ತೋಟದ ವಿಷಯದಲ್ಲಿ ಕೊನೇ ಮಾತು ನನ್ನ ಯಜಮಾನರದು. ಅವರಿಗೆ ಆ ಜಾಗವನ್ನು ಪ್ಲಾಸ್ಟಿಕ್ ಚಪ್ಪರದಡಿ ಹೂ ಬೆಳೆಯುವ ಪಾಲಿಹೌಸ್‌ನವರಿಗೆ ಗುತ್ತಿಗೆ ಕೊಡುವ ಆಸೆ. ಪ್ರತಿ ವರ್ಷ ಅದೇ ಜಗಳ. ‘ಕೆಂಪು ವೈನು ಇಟ್ಟಷ್ಟೂ ಹದ ಬರುತ್ತೆ ಅಣ್ಣ, ಸ್ವಲ್ಪ ತಾಳು’ ಅಂತ ಇವನು. ‘ನೀನೂ ಬಾಟ್ಲಿ ಜೊತೆ ಮಲಕ್ಕೊಂಡು ಹದ ಬಾರೋ’ ಅಂತ ಅವರು.

ಕೊನೆಗೆ ಒಂದು ಒಪ್ಪಂದವಾಯಿತು. ಯಜಮಾನರ ಕಾಲೇಜು ಗೆಳೆಯರೊಬ್ಬರು ವೈನು ಮಾಡುವ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದರು. ಅವರು ಬಂದು ಬೇರೆ ಬೇರೆ ವರ್ಷದ ಬಾಟಲಿಗಳನ್ನು ಹೋಲಿಸಿ ನೋಡುವುದು. ಹಳೆಯದು ಚೆನ್ನಾಗಿ ಹದಗೊಂಡಿದ್ದರೆ ಇನ್ನು ಮುಂದೆ ನಮ್ಮ ಹಣ್ಣನ್ನು ಅವರ ಕಂಪನಿಯೇ ಕೊಳ್ಳುವುದು, ಬಳ್ಳಿ ಉಳಿಯುವುದು. ಇಲ್ಲದಿದ್ದರೆ ಪಾಲಿಹೌಸ್. ಮೈದುನ ಒಪ್ಪಿ ಅಣ್ಣನ ಕಾಲು ಮುಟ್ಟಿದ. ನಲವತ್ತು ದಾಟಿದ ಗಂಡಸು. ಎದ್ದಾಗ ಪ್ಯಾಂಟಿನ ಮಂಡಿಗೆ ಧೂಳು ಮೆತ್ತಿತ್ತು, ಕೊಡವಿಕೊಳ್ಳಲೂ ಇಲ್ಲ.

ಗೆಳೆಯರು ಬಂದದ್ದು ಒಂದು ಭಾನುವಾರ, ಊಟಕ್ಕೆ ಮುಂಚೆ. ಹುಳುಮನೆಯೊಳಗೇ ಮೇಜು ಹಾಕಿ, ಬಣ್ಣ ಚೆನ್ನಾಗಿ ಕಾಣಲಿ ಅಂತ ನನ್ನ ಬಿಳೀ ದುಪ್ಪಟಿ ಹಾಸಿದ್ದೆವು. ಹೊಸ್ತಿಲ ಮುಂದೆ ಅತ್ತೆ ಒಂದು ಅಗಲದ ಟ್ರೇನಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿಟ್ಟಿದ್ದರು. ಹುಳ ಸಾಕುವವರ ಮನೆಯ ಕಟ್ಟುನಿಟ್ಟು ಅದು. ಯಾರೇ ಬರಲಿ, ಕಾಲು ಅದ್ದಿಯೇ ಒಳಗೆ ಬರಬೇಕು. ಯಜಮಾನರು ಟ್ರೇಯನ್ನು ಕಾಲಿನಿಂದ ಸರಿಸಿದರು.

‘ಅಮ್ಮಾ, ಇಲ್ಲಿ ಹುಳ ಇಲ್ಲ. ಇರೋ ಹುಳ ಅಂದ್ರೆ ನಿನ್ನ ಚಿಕ್ಕ ಮಗ ಒಬ್ಬನೇ.’

ಗೆಳೆಯರು ನಕ್ಕರು. ಮೈದುನನೂ ನಕ್ಕ.

ನನ್ನನ್ನು ಕೂರಿಸಿಕೊಂಡದ್ದು ನನ್ನ ಮೂಗಿನ ದೆಸೆಯಿಂದ. ಹಾಲು ಒಡೆಯುವ ಮೊದಲೇ ಹೇಳುತ್ತೇನೆ. ಮಳಿಗೆಯ ಅಕ್ಕಿ ಹಳೆಯದೋ ಹೊಸದೋ ಚೀಲ ಬಿಚ್ಚುವ ಮುಂಚೆ ಗೊತ್ತಾಗುತ್ತೆ. ‘ನಮ್ಮನೇಲಿ ನಾಯಿ ಸಾಕೋ ಅವಶ್ಯಕತೆ ಇಲ್ಲ ಕಣಯ್ಯಾ’ ಅಂತ ಯಜಮಾನರು ನನ್ನನ್ನು ಪರಿಚಯ ಮಾಡಿಕೊಟ್ಟರು. ನಾನು ಕೈಮುಗಿದೆ.

ಮೊದಲು ಬಿಚ್ಚಿದ್ದು ಎಲ್ಲಕ್ಕಿಂತ ಹೊಸದು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಗ್ಲಾಸಿನಲ್ಲಿ ತಿರುಗಿಸಿದರೆ ಹಣ್ಣಿನ ವಾಸನೆ, ಹಿಂದೆ ಒಂದಿಷ್ಟು ಮೆಣಸು, ಅದರ ಹಿಂದೆ ತೆಳ್ಳಗೆ ಇನ್ನೇನೋ. ಎರಡನೆಯದು ನಡುವಿನ ವರ್ಷದ್ದು. ಹಣ್ಣು ಕಮ್ಮಿ, ಆ ಇನ್ನೇನೋ ಜಾಸ್ತಿ. ಮೂರನೆಯದು ಕೆಳಗಿನ ಅಂತಸ್ತಿನದು, ಅವನ ಮೊದಲ ಬೆಳೆ. ಅದನ್ನು ಮಗುವನ್ನು ಎತ್ತಿದ ಹಾಗೆ ಎರಡು ಕೈಯಲ್ಲಿ ತಂದ. ಅಂಚಿನಲ್ಲಿ ಇಟ್ಟಿಗೆ ಬಣ್ಣ ಬಂದಿತ್ತು. ಬಣ್ಣ ನೋಡಿ ಗೆಳೆಯರು ತಲೆದೂಗಿದರು, ಮೂಗಿನ ಹತ್ತಿರ ತಂದವರು ಗ್ಲಾಸನ್ನು ಹಾಗೇ ಕೆಳಗಿಟ್ಟರು.

‘ವಾಸನೆ ಹೇಗಿದೆ ಸಾರ್?’ ಮೈದುನ ಮುಂದಕ್ಕೆ ಬಗ್ಗಿದ. ‘ವರ್ಷ ವರ್ಷಕ್ಕೂ ಗಟ್ಟಿಯಾಗ್ತಿದೆ. ವಯಸ್ಸಾದ ವೈನಿನ ವಾಸನೆ ಅಂದ್ರೆ ಇದೇ ಅಲ್ವಾ?’

ಪಾಪ, ಅವನು ಅದನ್ನೇ ಹದ ಅಂದುಕೊಂಡಿದ್ದ. ಹುಟ್ಟಿದಾಗಿನಿಂದ ಹುಳುಮನೆಯ ಗಾಳಿ ಕುಡಿದು ಬೆಳೆದವನಿಗೆ ಅದು ವಾಸನೆ ಅಂತಲೇ ಅನ್ನಿಸಿರಲಿಲ್ಲ.

ಗೆಳೆಯರು ಚೀಲದಿಂದ ಒಂದು ಬಾಟಲಿ ತೆಗೆದರು. ಅದೂ ನಮ್ಮದೇ, ಅದೇ ಮೊದಲ ಬೆಳೆಯದು. ಬಾಟಲಿಗೆ ತುಂಬಿದ ವರ್ಷವೇ ಮೈದುನ ಅವರಿಗೆ ಕೊಟ್ಟಿದ್ದನಂತೆ. ಅಂದಿನಿಂದ ಅವರ ಮನೆಯ ತಂಪು ಕಪಾಟಿನಲ್ಲಿತ್ತು. ಎರಡು ಗ್ಲಾಸಿಗೆ ಬಗ್ಗಿಸಿ, ಒಂದರಲ್ಲಿ ನಮ್ಮದು, ಒಂದರಲ್ಲಿ ಅವರು ತಂದದ್ದು, ನನ್ನ ಮುಂದೆ ಸರಿಸಿದರು.

‘ನೀವು ಹೇಳಿ ಅಮ್ಮಾ.’

ನಾನು ಓದಿದ್ದು ಗೌರಿಬಿದನೂರಿನಲ್ಲಿ, ಕಾನ್ವೆಂಟಿನಲ್ಲಿ. ಪ್ರಶ್ನೆ ಕೇಳಿದರೆ ಎದ್ದು ನಿಂತು, ಪೂರ್ತಿ ವಾಕ್ಯದಲ್ಲಿ, ನಿಜ ಹೇಳಬೇಕು ಅಂತ ಸಿಸ್ಟರ್‌ಗಳು ಕಲಿಸಿದ್ದರು. ಎದ್ದು ನಿಂತೆ.

‘ಸಾರ್ ತಂದಿರೋದ್ರಲ್ಲಿ ಒಣದ್ರಾಕ್ಷಿ ಇದೆ, ಮೆಣಸಿದೆ, ಹೊಸ ಚಪ್ಪಲಿಯ ಚರ್ಮದ ವಾಸನೆ ಇದೆ. ಕುಡಿದ ಮೇಲೂ ಬಾಯಲ್ಲಿ ನಿಲ್ಲುತ್ತೆ. ನಮ್ಮದರಲ್ಲಿ ಒದ್ದೆ ಗೋಣಿಚೀಲ ಬಿಟ್ಟರೆ ಬೇರೇನೂ ಇಲ್ಲ.’

ಯಜಮಾನರು ಚಪ್ಪಾಳೆ ತಟ್ಟಿದರು. ‘ಗೋಣಿಚೀಲ! ಕೇಳಿಸ್ತೇನೋ?’

ಮೈದುನ ಎರಡೂ ಗ್ಲಾಸು ಎಳೆದುಕೊಂಡು ಒಂದಾದ ಮೇಲೊಂದು ಮೂಸಿದ. ಮೊದಲ ಸಲ ವ್ಯತ್ಯಾಸ ಗೊತ್ತಾಯಿತು ಅಂತ ಕಾಣುತ್ತೆ. ಕಿವಿಯ ಹಾಲೆ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು.

ಗೆಳೆಯರು ಹೊಸ್ತಿಲ ಕಡೆ ನೋಡುತ್ತಿದ್ದರು. ‘ಒಳಗೂ ಬ್ಲೀಚಿಂಗ್ ಹಾಕ್ತೀರಾ?’

ಕೋಡುಬಳೆ ತಟ್ಟೆ ಹಿಡಿದು ಬರುತ್ತಿದ್ದ ಅತ್ತೆಗೆ ಅದು ಕೇಳಿಸಿತು. ಮುಖ ಅರಳಿತು. ಚಿಂತಾಮಣಿ ಕಡೆಯವರು, ಅಂಬಾಜಿದುರ್ಗದ ಕೆಳಗಿನ ಹಳ್ಳಿ. ಖುಷಿಯಾದಾಗ ತೆಲುಗು ಬೆರೆಯುತ್ತೆ.

‘ಹಾಕ್ದೆ ಬಿಡ್ತೀನಾ ನಾಯನಾ? ಅಮಾವಾಸ್ಯೆ ಅಮಾವಾಸ್ಯೆಗೂ ಗೋಡೆ, ನೆಲ, ಸ್ಟ್ಯಾಂಡು ಎಲ್ಲಾ ನಾನೇ ಕೂತು ತೊಳೀತೀನಿ. ಬಾಟ್ಲಿನೂ ಒಂದೊಂದೇ ಒರೆಸಿ ಇಡ್ತೀನಿ. ಸುಣ್ಣಕಟ್ಟು ಬಂದ್ರೆ ಏಮಿ ಗತಿ?’

ಸುಣ್ಣಕಟ್ಟು ಅಂದರೆ ರೇಷ್ಮೆ ಹುಳ ಬಿಳೀ ಕಡ್ಡಿಯ ಹಾಗೆ ಸೆಟೆದು ಸಾಯುವ ರೋಗ. ವೈನಿಗೆ ಬರುವುದಿಲ್ಲ.

ಗೆಳೆಯರು ಸಮಾಧಾನವಾಗಿಯೇ ವಿವರಿಸಿದರು. ಬ್ಲೀಚಿಂಗು ಒದ್ದೆ ಮರಕ್ಕೂ ಕಾರ್ಕಿಗೂ ಸೇರಿ, ಬೂಷ್ಟು ಕೂಡಿದರೆ ಈ ವಾಸನೆ ಹುಟ್ಟುತ್ತಂತೆ. ಕಾರ್ಕಿನ ಮೂಲಕ ವೈನಿಗೆ ಇಳಿಯುತ್ತಂತೆ. ಜೀವಕ್ಕೆ ಏನೂ ಆಗಲ್ಲ, ಹಣ್ಣಿನ ಸುಳಿವು ಮಾತ್ರ ಉಳಿಯಲ್ಲ. ‘ಇಲ್ಲಿರೋ ಯಾವ ಬಾಟ್ಲಿನೂ ಉಳಿದಿರಲ್ಲ. ಆದ್ರೆ ತೋಟದ ತಪ್ಪಲ್ಲಪ್ಪ ಇದು. ಹಣ್ಣು ಬಹಳ ಚೆನ್ನಾಗಿದೆ. ನಮ್ಮ ಕಂಪನಿಗೆ ಕೊಡು, ನಾನು ತಗೋತೀನಿ.’

ಮೈದುನನ ಮುಖಕ್ಕೆ ಜೀವ ಬಂತು. ಅಣ್ಣನ ಕಡೆ ತಿರುಗಿದ.

ಯಜಮಾನರು ಕೋಡುಬಳೆ ಮುರಿಯುತ್ತಿದ್ದರು. ‘ಪಾಲಿಹೌಸ್‌ನವರಿಗೆ ಹೋದ ವಾರಾನೇ ಮಾತು ಕೊಟ್ಟಾಯ್ತಲ್ಲೋ.’

‘ಮತ್ತೆ... ಇದೆಲ್ಲ ಯಾಕಣ್ಣ?’

‘ಭಾನುವಾರ ಅಲ್ವೇನೋ. ಸುಮ್ನೆ. ಇವನೂ ನಮ್ಮನೆಗೆ ಬಂದು ಎಷ್ಟೋ ದಿನ ಆಗಿತ್ತು.’

ಗೆಳೆಯರು ದುಪ್ಪಟಿಯ ಮೇಲೆ ಬಿದ್ದಿದ್ದ ಹನಿಯೊಂದನ್ನು ಬೆರಳಲ್ಲಿ ಒತ್ತುತ್ತಾ ಕೂತರು. ಈಗ ಮೈದುನ ಮೇಜು ಒದೆಯುತ್ತಾನೆ, ಅಣ್ಣನ ಕೊರಳಪಟ್ಟಿ ಹಿಡಿಯುತ್ತಾನೆ ಅಂತ ನಾನು ಕಾಯುತ್ತಿದ್ದೆ. ಅವನು ಎದ್ದು ನಮ್ಮ ಗ್ಲಾಸು ತೆಗೆದುಕೊಂಡು ಅತ್ತೆಯ ಮುಂದೆ ಹೋಗಿ ನಿಂತ. ಆ ಬ್ಲೀಚಿಂಗ್ ಚೀಲಗಳನ್ನು ಶಿಡ್ಲಘಟ್ಟದಿಂದ ಬೈಕಿನ ಮೇಲೆ ಹೇರಿಕೊಂಡು ಬಂದು ಅವರಿಗೆ ತಂದುಕೊಡುತ್ತಿದ್ದವನು ಅವನೇ. ‘ನಮ್ಮಮ್ಮ ಇಟ್ಟಷ್ಟು ಕ್ಲೀನಾಗಿ ಯಾವ ಫ್ಯಾಕ್ಟರೀಲೂ ಇಡಲ್ಲ’ ಅಂತ ಊರಿಗೆಲ್ಲ ಹೇಳುತ್ತಿದ್ದವನೂ ಅವನೇ.

‘ಮೂಸು’ ಅಂದ.

ಮದ್ಯದ ವಾಸನೆಗೆ ಸೆರಗು ಮೂಗಿಗೆ ಹಿಡಿಯುವ ಹೆಂಗಸು. ಮೂಸಿದರು.

‘ಕುಡಿ.’

‘ಒರೇ, ನಾನು ಯಾಕೋ...’

‘ಕುಡಿಯಮ್ಮ. ನೀನು ತಯಾರು ಮಾಡಿರೋದಲ್ವಾ?’

ಒಂದು ಗುಟುಕು ಕುಡಿದು ಮುಖ ಹಿಂಡಿದರು. ಅವನು ಇನ್ನೊಂದು ಗ್ಲಾಸು ತಂದ. ಅದನ್ನೂ ಕುಡಿಸಿದ. ಗಲ್ಲದ ಮೇಲೆ ಇಳಿದದ್ದು ರವಿಕೆಯ ತನಕ ಹೋಯಿತು.

‘ಈಗ ಹೇಳು, ಏನು ವ್ಯತ್ಯಾಸ?’

ಅತ್ತೆ ಅವನ ಮುಖ ನೋಡಿದರು, ದೊಡ್ಡ ಮಗನ ಮುಖ ನೋಡಿದರು. ಸರಿಯಾದ ಉತ್ತರ ಯಾವುದಿರಬಹುದು ಅಂತ ಹುಡುಕುತ್ತಿದ್ದರು.

‘ಎರಡೂ ಒಂದೇ ಥರ ಇದೆಯಲ್ಲ ನಾಯನಾ. ಚೆನ್ನಾಗೇ ಇದೆ.’

ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೈದುನ ಮತ್ತೆ ಮೊದಲನೇ ಗ್ಲಾಸು ಎತ್ತಿದ.

‘ಸಾಕು ಬಿಡಪ್ಪ’ ಅಂದೆ ನಾನು.

‘ನೀವು ಮೂಸಿದ್ದು ಸಾಕು ಅತ್ತಿಗೆ’ ಅಂದ, ತಿರುಗಿ ಕೂಡ ನೋಡದೆ. ಆ ಗ್ಲಾಸನ್ನೂ ಕುಡಿಸಿದ.

ಊಟಕ್ಕೆ ಕೂತಾಗ ಗೆಳೆಯರು ನನ್ನ ಸಾರನ್ನು ಹೊಗಳಿದರು. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿ ಕೂತವರು ಅಲ್ಲೇ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು.

ಬಳ್ಳಿ ಕೀಳಲು ಜೆಸಿಬಿ ಬಂದಾಗ ಸಾಲು ತೋರಿಸುತ್ತಾ ಮುಂದೆ ನಡೆದವನು ಮೈದುನನೇ. ಬೇರೆಯವರು ತೋರಿಸಿದರೆ ಕಲ್ಲುಕಂಬ ಮುರಿದು ಹಾಕ್ತಾರೆ ಅಂತ ಅವನೇ ಹೇಳಿದ್ದ. ನಾಲ್ಕು ಸಾಲು ಮುಗಿದಿರಬೇಕು. ಅತ್ತೆ ಚೊಂಬಿನಲ್ಲಿ ಮಜ್ಜಿಗೆ ತಂದು ಬದುವಿನ ಮೇಲೆ ನನ್ನ ಪಕ್ಕ ನಿಂತರು. ಡ್ರೈವರು ನಡುವಯಸ್ಸಿನವನು. ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಕೆಳಗಿಳಿದು ಎರಡೂ ಕೈ ಚಾಚಿದ.

‘ಆ ಕೈಯಿಂದ ಏನೂ ಇಸ್ಕೋಬೇಡ ಕಣಪ್ಪ’ ಅಂತ ಮೈದುನ ಸಾಲಿನ ಆ ತುದಿಯಿಂದ ಕೂಗಿದ. ‘ಮನೆ ಮುಳುಗಿಸಿದ ಕೈ ಅದು.’

ಡ್ರೈವರು ಅತ್ತೆಯನ್ನು ನೋಡಿದ, ಮೈದುನನನ್ನು ನೋಡಿದ. ಕೂಲಿ ಕೊಡುವವನು ಅವನು. ಚಾಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗಾಡಿ ಹತ್ತಿದ.

ಎಂಜಿನ್ ಸದ್ದಿನಲ್ಲಿ ಅತ್ತೆಗೆ ಮಗ ಅಂದದ್ದು ಕೇಳಿಸಿರಲಿಲ್ಲ. ‘ಆಮೇಲೆ ಕುಡೀತಾನೇನೋ’ ಅಂತ ನನಗೆ ಹೇಳಿ, ಧೂಳು ಬೀಳದ ಹಾಗೆ ಚೊಂಬಿನ ಬಾಯಿಗೆ ಅಂಗೈ ಮುಚ್ಚಿ ಹಿಡಿದು, ಕೊನೇ ಸಾಲು ಮುಗಿಯುವ ತನಕ ಅಲ್ಲೇ ನಿಂತಿದ್ದರು.