ಮಿರ್ದಿಫ್‌ನಲ್ಲೊಂದು ಹಿರಿಯ ಹಕ್ಕಿ

ವಿಮಾನದಿಂದ ಇಳಿದು ಎರಡು ಗಂಟೆ ಆಗಿಲ್ಲ, ದುಬೈಯ ಮಿರ್ದಿಫ್‌ನಲ್ಲಿರುವ ಅಕ್ಕನ ಮನೆಯಲ್ಲಿ ಮೂಗಿಗೆ ರಟ್ಟಿನ ಕೊಕ್ಕು ಕಟ್ಟಿಸಿಕೊಂಡು ಕೂತಿದ್ದೇನೆ. ಅಕ್ಕನ ಮಗಳು ಅನ್ವಿ ನಾಳೆ ಶಾಲೆಯಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕು. ವಿಷಯ, ಹೂವಿನ ಮಕರಂದ ಕುಡಿದು ಬದುಕುವ, ಇನ್ನೇನು ಅಳಿದೇಹೋಗಲಿರುವ ಆಸ್ಟ್ರೇಲಿಯಾದ ಒಂದು ಹಕ್ಕಿ. ಹಕ್ಕಿಯ ಪಾತ್ರ ನನ್ನದು. "ಯಲ್ಲಾ, ಯಲ್ಲಾ" ಎಂದು ಇಲ್ಲಿಯ ಅರಬ್ಬಿಯಲ್ಲಿ ನನ್ನನ್ನು ಅವಸರಿಸಿ, ಅದರ ಕಷ್ಟವನ್ನೆಲ್ಲ ಅವಳು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಎಂತ ಹೇಳ್ತಾಳೆ ಇವಳು?" ಪಕ್ಕದಲ್ಲಿ ಕೂತಿದ್ದ ಅಕ್ಕನ ಅತ್ತೆ, ಅನ್ವಿಯ ಅಜ್ಜಿ ಕೇಳಿದರು.

ನಾನು ಕೊಕ್ಕು ಮೇಲೆತ್ತಿ ಕನ್ನಡದಲ್ಲಿ ಹೇಳಿದೆ. "ಆ ಜಾತಿಯ ಹಕ್ಕಿಗಳು ಈಗ ತುಂಬ ಕಮ್ಮಿಯಮ್ಮ. ಮರಿಗಳಿಗೆ ಹಾಡು ಕಲಿಸ್ಲಿಕ್ಕೆ ದೊಡ್ಡವೇ ಸಿಗೂದಿಲ್ಲ. ಅವು ಪಕ್ಕದ ಮರದ ಬೇರೆ ಹಕ್ಕಿಗಳ ಹಾಡು ಕಲ್ತುಬಿಡ್ತವೆ. ಅದನ್ನು ಕೇಳಿ ಹೆಣ್ಣುಹಕ್ಕಿ ತಿರುಗಿಯೂ ನೋಡೂದಿಲ್ಲ. ಮತ್ತೆ ಸಂಸಾರ ಎಲ್ಲಿಂದ? ಅದಕ್ಕೆ ಸಾಕುವವರು ಹಾಡು ಗೊತ್ತಿರುವ ಹಿರಿಯ ಹಕ್ಕಿಯೊಂದನ್ನು ತಂದು ಮರಿಗಳ ಪಂಜರಕ್ಕೆ ಬಿಡ್ತಾರೆ."

"ನನ್ನನ್ನು ಇಲ್ಲಿಗೆ ತಂದು ಬಿಟ್ಟ ಹಾಗೆ," ಎಂದರು ಅಜ್ಜಿ.

ಮೊಮ್ಮಗಳಿಗೆ ಕನ್ನಡ ಕಲಿಸಲೆಂದೇ ಅವರನ್ನು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಕರೆಸಿ ಎರಡು ತಿಂಗಳಾಗುತ್ತ ಬಂದಿದೆ. ಮುಂದಿನ ವಾರ ವೀಸಾ ಮುಗಿಯುತ್ತದೆ.

"ಕಲಿತಳಾ?"

"ಕಲಿಯದೆ ಎಂತ? ನನ್ನ ಹತ್ತಿರ ಬೇರೆ ಭಾಷೆ ನಡೆಯೂದಿಲ್ಲ."

ಹೀಗೆಂದವರು ಅನ್ವಿಯ ತಟ್ಟೆಯತ್ತ ನೋಡಿದರು. ಅರ್ಧ ದೋಸೆ ಹಾಗೇ ಉಳಿದಿತ್ತು. ಅಜ್ಜಿ ಚಪ್ಪಾಳೆ ತಟ್ಟಿದರು.

"ಯಲ್ಲಾ ಬೇಬಿ, ದೋಸಾ ಫಿನಿಶ್ ಕರೋ. ಟಾಕಿಂಗ್ ಖಲಾಸ್."