ಎರಡನೆಯ ಕರೆ

ಈ ಚೈತ್ರದಲ್ಲಿ ಮೂವರು ಗೆಳತಿಯರನ್ನು ಸಂಜೆಯೂಟಕ್ಕೆ ಕರೆದಿದ್ದೆ. ಕಲಘಟಗಿಯ ನನ್ನ ಬಾಡಿಗೆ ಮನೆಯ ತಾರಸಿ ದಿನವಿಡೀ ಕಾದು ಕೆಂಡವಾಗಿತ್ತು. ತಂಪಾಗಲಿ ಎಂದು ಒಂದು ಕೊಡ ನೀರು ಚೆಲ್ಲಿದೆ. ಸಿಮೆಂಟಿನಿಂದ ಬಿಸಿ ಹಬೆ ಎದ್ದಿತು, ಜೊತೆಗೆ ಮೂಲೆಯ ತುಳಸಿ ಕುಂಡದ ಒಣಮಣ್ಣು ನೆನೆದ ವಾಸನೆ. ಅಷ್ಟೇ ಸಾಕಾಯಿತು. ಖಾಲಿ ಕೊಡ ಹಿಡಿದು ನಿಂತವಳು ಮನಸ್ಸಿನಲ್ಲಿ ನಮ್ಮೂರು ಸಂಶಿಯ ಹಳೆಮನೆಯ ಮಣ್ಣಿನ ಮಾಳಿಗೆಯ ಮೇಲಿದ್ದೆ. ಆ ಮನೆ ಈಗಿಲ್ಲ. ಅಪ್ಪ, ಕಾಕಾ ಬೇರೆಯಾದ ಮೇಲೆ ಅದನ್ನು ಕೆಡವಿದರು. ಈಗ ಅಲ್ಲಿ ಗೊಬ್ಬರ ಮಾರುವ ಅಂಗಡಿ ಇದೆ. ನಿಮ್ಮದೂ ಅಂಥ ಒಂದು ಮನೆ ಎಲ್ಲೋ ಇದ್ದೀತು, ಹುಡುಕಿಕೊಂಡು ಹೋದರೆ ಅಂಗಡಿಯ ಶಟರ್ ಮಾತ್ರ ಕಾಣುವಂಥದು.

ಪ್ರತಿ ವರ್ಷ ಚೈತ್ರದ ಒಂದು ಸಂಜೆ ಆ ಮಾಳಿಗೆ ಗಂಗವ್ವ ಅತ್ತೆಯದಾಗುತ್ತಿತ್ತು. ಅಂದು ಅವಳು ತನ್ನ ಗೆಳತಿಯರನ್ನು ಊಟಕ್ಕೆ ಕರೆಯುತ್ತಿದ್ದಳು. ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಉಳಿದವಳು. ತಮ್ಮನ ಮನೆಯ ಅನ್ನ ಉಣ್ಣುವವಳು ಊರಿಗೆಲ್ಲ ಊಟ ಹಾಕುತ್ತಾಳೆ ಎಂದು ಯಾರೂ ಅನ್ನಬಾರದೆಂಬ ಬಿಗುಮಾನ ಅವಳದು. ಅದಕ್ಕೇ ಆ ಊಟ ಅಷ್ಟು ಹಗುರ. ಬರುವ ನಾಲ್ವರು ಗೆಳತಿಯರೂ ತಂತಮ್ಮ ಮನೆಯ ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಬರಬೇಕು. ಅತ್ತೆ ಜೋಳದ ನುಚ್ಚು, ಮಜ್ಜಿಗೆ, ಮಾವಿನಕಾಯಿ ಚಟ್ನಿ ಮಾಡಬೇಕು. ರೊಟ್ಟಿಗಳೆಲ್ಲ ಒಂದೇ ಬುಟ್ಟಿಗೆ ಬಿದ್ದು ಕಲೆತುಹೋಗುತ್ತಿದ್ದವು. ಆಮೇಲೆ ಅಂಚು ಮುರಿದು ನೋಡಿ ಇದು ಯಾರ ಕೈಯದು ಎಂದು ಹೇಳುವುದು, ತಪ್ಪಿದವಳನ್ನು ಎಲ್ಲರೂ ಸೇರಿ ಕಾಡುವುದು. ಮನೆಯಲ್ಲಿ ದನಿ ಎತ್ತಿ ಮಾತಾಡದ ಅತ್ತೆ ಅಂದು ಬಾಯ್ತುಂಬ ನಗುತ್ತಿದ್ದಳು. ವರ್ಷದಲ್ಲಿ ತನ್ನದೆಂದು ಅವಳಿಗಿದ್ದದ್ದು ಆ ಒಂದು ಸಂಜೆ.

ನಮ್ಮ ಕಡೆ ಊಟಕ್ಕೆ ಒಮ್ಮೆ ಹೇಳಿದರೆ ಸಾಲದು. ಮುಂಜಾನೆ ಹೇಳಬೇಕು, ಅಡುಗೆಯಾದ ಮೇಲೆ ಮತ್ತೆ ಮನೆಗೆ ಹೋಗಿ ಕರೆಯಬೇಕು. ಎರಡನೆಯ ಕರೆ ಬರದಿದ್ದರೆ ಹೊಟ್ಟೆ ತಾಳ ಹಾಕುತ್ತಿದ್ದರೂ ಯಾರೂ ಏಳುವುದಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ಅತ್ತೆಗೂ ಅವಳ ಜೀವದ ಗೆಳತಿ ನೀಲವ್ವನಿಗೂ ಮಾತು ನಿಂತಿತ್ತು. ಹಪ್ಪಳ ಮಾಡುವ ದಿನ ನೀಲವ್ವ ನಮ್ಮ ಮನೆ ಬಿಟ್ಟು ಬೇರೆಯವರ ಮನೆಗೆ ಮೊದಲು ಹೋದಳೆಂಬುದಷ್ಟೇ ಕಾರಣ. ಈ ಊಟದ ನೆಪದಲ್ಲಿ ಅದನ್ನು ಮುಗಿಸಬೇಕೆಂದು ಅತ್ತೆಗೆ ಆಸೆ, ತಾನೇ ಹೋಗಲು ಮಾತ್ರ ಕಾಲೇಳದು. ಮುಂಜಾನೆ ಅವ್ವನ ಕೈಲಿ ಹೇಳಿ ಕಳಿಸಿದಳು. ನೀಲವ್ವ ಹೂಂ ಅಂದಳಂತೆ. ಸಂಜೆ ಎರಡನೆಯ ಕರೆಗೆ ಅತ್ತೆ ನನ್ನ ಜಡೆ ಸರಿಮಾಡಿ ನನ್ನನ್ನು ಕಳಿಸಿದಳು.

"ಊಟಕ್ಕ ಬರಬೇಕಂತ ಅನ್ನು. ಅಷ್ಟ ಅನ್ನು," ಅಂದಳು.

ಆ ವರ್ಷ ನಮ್ಮ ಶಾಲೆಗೆ ಮೈಸೂರು ಕಡೆಯ ಹೊಸ ಟೀಚರ್ ಬಂದಿದ್ದರು. ದೊಡ್ಡವರಿಗೆ ಹೀಗೆ ಮಾಡಬೇಕು ಎಂದು ಹೇಳಬಾರದು, ಮಾಡುತ್ತೀರಾ ಎಂದು ಕೇಳಬೇಕು, ಅದೇ ಸಭ್ಯತೆ ಎಂದು ಕಲಿಸಿದ್ದರು. ನನಗೋ ಕಲಿತದ್ದನ್ನು ತೋರಿಸುವ ಚಪಲ. ನಾಲ್ಕು ಮನೆ ಆಚೆಗಿದ್ದ ನೀಲವ್ವನ ಬಾಗಿಲಲ್ಲಿ ನಿಂತು, ಪಾಠ ಓದುವ ದನಿಯಲ್ಲಿ, "ಊಟಕ್ಕೆ ಬರುತ್ತೀರಾ?" ಎಂದು ಕೇಳಿದೆ. ಕಟ್ಟೆಯ ಮೇಲೆ ಅವಳ ಅತ್ತೆ, ನೆಗೆಣ್ಣಿ ಕೂತಿದ್ದರು. ನಮ್ಮ ಕಡೆ ಹಾಗೆ ಕೇಳಿದರೆ, ನೀವು ಬರದಿದ್ದರೂ ನಡೆದೀತು ಎಂದು ಅರ್ಥ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ನೀಲವ್ವ ನೋಡೋಣ ಹೋಗವ್ವಾ ಅಂದಳು. ನಾನು ಕುಣಿಯುತ್ತ ಬಂದು, ಹೇಳಿ ಬಂದೆ ಅಂದೆ.

ಅಂದು ಬುಟ್ಟಿಯಲ್ಲಿ ಮೂರೇ ಮನೆಯ ರೊಟ್ಟಿ ಬಿದ್ದವು. ಹೊತ್ತು ಮುಳುಗುವ ತನಕ ಅತ್ತೆ ಬಡಿಸಲಿಲ್ಲ. ಮಾಳಿಗೆಯ ಅಂಚಿಗೆ ನಿಂತು ಓಣಿ ನೋಡುತ್ತಿದ್ದಳು. ಮರುವರ್ಷ ಯಾರನ್ನೂ ಕರೆಯಲಿಲ್ಲ, ಆಮೇಲೆಂದೂ ಕರೆಯಲಿಲ್ಲ. ನಳದ ಹತ್ತಿರ ನೀಲವ್ವ ಎದುರಾದರೆ ಇಬ್ಬರೂ ಕೊಡದ ಕಡೆ ನೋಡುತ್ತಿದ್ದರು. ನಾನು ಅಂದದ್ದೇನೆಂದು ಅತ್ತೆ ಕೇಳಲಿಲ್ಲ. ನನಗದು ತಪ್ಪೆಂದು ತಿಳಿಯುವ ಹೊತ್ತಿಗೆ ಬಾಯಿ ಬಿಡಲು ನಾಚಿಕೆ ಬಂದಿತ್ತು. ಹೋದ ವರ್ಷ ಅತ್ತೆ ತೀರಿಕೊಂಡಳು, ನಾನು ಹೇಳದೇ ಉಳಿದೆ.

ಮೊನ್ನೆ ನನ್ನ ಗೆಳತಿಯರಿಗೆ ಬರ್ತೀರಾ ಎಂದು ಮೊಬೈಲಿನಲ್ಲಿ ಬರೆದು ಕಳಿಸಿದ್ದೆ. ಮೂವರೂ ಹೆಬ್ಬೆರಳಿನ ಚಿತ್ರ ಕಳಿಸಿದರು. ಬಂದರು, ಉಂಡರು, ಚಲೋ ಇತ್ತೆಂದು ಹೊಗಳಿ ಬೇಗನೆ ಹೋದರು. ಅವರು ಒಳ್ಳೆಯವರೇ. ಆದರೆ ಒಬ್ಬರ ಮೇಲೊಬ್ಬರು ಸಿಟ್ಟಾಗುವಷ್ಟು ಸಲಿಗೆ ನಮ್ಮಲ್ಲಿಲ್ಲ. ನಾಳೆ ನಾನು ಕರೆಯದಿದ್ದರೆ ಅವರಿಗೆ ನೋವಾಗದು. ಪಾತ್ರೆ ತೊಳೆಯುತ್ತ ಒಬ್ಬಳೇ ಅತ್ತುಬಿಟ್ಟೆ. ಮರುದಿನ ಬಸ್ಸು ಹಿಡಿದು ಸಂಶಿಗೆ ಹೋದೆ.

ನೀಲವ್ವನಿಗೆ ಈಗ ಕಣ್ಣು ಮಂಜು. ನನ್ನ ಕೈ ಸವರಿ ಗುರುತು ಹಿಡಿದಳು. ನಾನು ಎಲ್ಲವನ್ನೂ ಹೇಳಿ, ತಪ್ಪಾಯಿತು ಅಂದೆ.

"ನೀ ಸಣ್ಣಾಕಿ, ನಿನ್ನ ಮಾತು ಯಾರ ಹಿಡೀತಾರ?" ಅಂದಳು. "ಗಂಗವ್ವ ತಾನ ಬಂದು ಕರೀತಾಳಂತ ರೊಟ್ಟಿ ಕಟ್ಟಿಕೊಂಡು ಕುಂತಿದ್ನಿ."

ಆಮೇಲೆ, ಅಂದು ಅಡುಗೆ ಏನಿತ್ತು ಎಂದು ಕೇಳಿದಳು. ಹೇಳಿದೆ. ಚಟ್ನಿಗೆ ಅತ್ತೆ ಬೆಲ್ಲ ಹಾಕಿದ್ದಳು. ಯಾರೂ ಮುಟ್ಟದೆ ಅದು ಹಾಗೇ ಉಳಿದಿತ್ತು ಎಂದೂ ಹೇಳಿದೆ.

ನೀಲವ್ವ ನನ್ನ ಕೈ ಬಿಟ್ಟಳು.

"ಬೆಲ್ಲದ ಚಟ್ನಿ ತಿನ್ನಾಕಿ ನಾ ಒಬ್ಬಾಕಿನ ಇದ್ನೆವ್ವಾ," ಅಂದಳು.